ಹಳದಿ ಗುರುತಿನ ಚೀಲ

ಕೊಣ್ಣೂರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವನು ನಾನು. ಒಣದ್ರಾಕ್ಷಿಯನ್ನು ನೀರಿಗೆ ಹಾಕಿ, ಅದು ಉಬ್ಬಿದ್ದನ್ನು ತೋರಿಸಿ, ತೆಳು ಪೊರೆಯ ಯಾವ ಬದಿಗೆ ಸಕ್ಕರೆ ಹೆಚ್ಚೋ ನೀರು ಆ ಕಡೆಗೇ ಹೋಗುತ್ತದೆ ಎಂದು ಗಂಟಲು ಹರಿದುಕೊಂಡಿದ್ದೇನೆ. ತಪ್ಪು ಹೇಳಿದವರನ್ನು ಕಿವಿ ಹಿಡಿಸಿ ನಿಲ್ಲಿಸಿದ್ದೇನೆ.

ಈಗ ಆ ಪಾಠ ನನ್ನ ಹೆಂಡತಿಯ ಹೊಟ್ಟೆಯೊಳಗೆ ನಡೆಯುತ್ತಿದೆ. ಅವಳ ಕಿಡ್ನಿಗಳು ಕೈಕೊಟ್ಟ ಮೇಲೆ ಡಾಕ್ಟರು ಹೊಕ್ಕುಳ ಪಕ್ಕ ಒಂದು ನಳಿಕೆ ಕೂಡಿಸಿದರು. ದಿನಕ್ಕೆ ನಾಲ್ಕು ಸಲ ಸಕ್ಕರೆ ಬೆರೆತ ಔಷಧದ ನೀರನ್ನು ಚೀಲದಿಂದ ಒಳಗೆ ಬಿಡುತ್ತೇನೆ, ಕೆಲವು ತಾಸು ಬಿಟ್ಟು ಹೊರಗೆ ಬಸಿಯುತ್ತೇನೆ. ಮೈಯಲ್ಲಿ ನಿಂತ ನೀರು ಹೊಟ್ಟೆಯ ಪೊರೆ ದಾಟಿ ಅದರಲ್ಲಿ ಸೇರಿಕೊಳ್ಳುವುದರಿಂದ, ಹೊರಬಂದ ಚೀಲ ಒಳಗೆ ಬಿಟ್ಟದ್ದಕ್ಕಿಂತ ಹೆಚ್ಚು ತೂಗಬೇಕು. ಆದರೂ ಅವಳಿಗೆ ಕುಡಿಯಲು ಅಳತೆಯ ನೀರೇ.

ಹೋದ ಬೇಸಿಗೆಯಲ್ಲಿ ಒಂದು ಮುಂಜಾನೆ ಅವಳ ಪಾದಗಳು ಬಾತಿದ್ದವು. ಹಿಂದಿನ ಸಂಜೆಯಷ್ಟೇ ನಾಗನೂರಿನ ಅವಳ ಅಕ್ಕ ಬಂದು ಹೋಗಿದ್ದಳು. ಬಂದವರಿಗೆ ಬೆಲ್ಲದ ಜೊತೆ ನೀರು ಕೊಡುವ ತಂಬಿಗೆ ಖಾಲಿಯಾಗಿತ್ತು. ನನಗೆ ಪಿತ್ತ ನೆತ್ತಿಗೇರಿತು.

"ಅಕ್ಕನ ಜೋಡಿ ನೀನೂ ಕುಡದಿ. ಖರೆ ಹೇಳು."

"ಇಲ್ರಿ. ಅಕ್ಕಗ ಅಷ್ಟ ಕೊಟ್ಟೇನಿ."

"ಸುಳ್ಳ ಹೇಳಬ್ಯಾಡ. ಕಾಲ ನೋಡ್ಕೋ."

ಅವಳ ಮಧ್ಯಾಹ್ನದ ಪಾಲಿನ ನೀರಿನ ಲೋಟವನ್ನು ಕಿಟಕಿಯಲ್ಲಿ ಕುಕ್ಕಿಟ್ಟು ಹೊರಗೆ ಹೋದೆ.

ಸಂಜೆ ಬಸಿದ ಚೀಲವನ್ನು ತೂಗಿದೆ. ಆಲಸ್ಯದಿಂದ ಎರಡು ದಿನ ತೂಗಿರಲಿಲ್ಲ. ತೂಕ ಏನೇನೂ ಹೆಚ್ಚಿರಲಿಲ್ಲ. ಕದ್ದು ಕುಡಿದಿದ್ದರೆ ಪಾದ ಬಾತುಕೊಳ್ಳಬಹುದು, ಚೀಲ ಹಗುರಾಗುವುದಿಲ್ಲ. ಮೂಲೆಯ ಖಾಲಿ ಚೀಲಗಳನ್ನು ತಿರುವಿ ನೋಡಿದೆ. ಡಾಕ್ಟರು ಹೇಳಿದ್ದು ಸಕ್ಕರೆ ಹೆಚ್ಚಿರುವ ಹಸಿರು ಗುರುತಿನದು. ನಾನು ಎರಡು ದಿನವೂ ಹಾಕಿದ್ದು ಸಕ್ಕರೆ ಕಡಿಮೆಯ ಹಳದಿ.

ಡಾಕ್ಟರಿಗೆ ಫೋನ್ ಮಾಡಿ, ಅವರು ಹೇಳಿದಂತೆ ಹಸಿರು ಚೀಲ ಹಾಕಿದೆ. ಆಮೇಲೆ ಕಿಟಕಿಯ ಕಡೆ ಕಣ್ಣು ಹೋಯಿತು. ಲೋಟ ತುಂಬಿದ ಹಾಗೇ ಇತ್ತು.

"ಇದನ್ಯಾಕ ಕುಡದಿಲ್ಲ?"

"ನೀವು ನಂಬಲಿ ಅಂತ ಬಿಟ್ಟೇನ್ರಿ."

ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ. "ತಪ್ಪ ನಂದ ಐತಿ. ಚೀಲ ನಾನ ತಪ್ಪಿ ಹಾಕೇನಿ," ಎಂದೆ.

ಅವಳು ನನ್ನನ್ನೇ ನೋಡಿದಳು. "ಹಂಗಾರ ಕಿವಿ ಹಿಡಕೋರಿ, ಮಾಸ್ತರ್ರ."

ಹಿಡಿದುಕೊಂಡು ನಿಂತೆ. ಅವಳು ನಕ್ಕಳು. ತಣ್ಣಗಿನದು ತರುತ್ತೇನೆಂದರೂ ಬೇಡವೆಂದು, ಬಿಸಿಲಿಗೆ ಬೆಚ್ಚಗಾದ ಅದೇ ನೀರನ್ನು ಕಣ್ಣು ಮುಚ್ಚಿ ಗುಟುಕು ಗುಟುಕಾಗಿ ಕುಡಿದಳು. ಬಾಯಾರಿದವರು ಹೇಗೆ ಕುಡಿಯುತ್ತಾರೆಂದು ನಾನು ಸರಿಯಾಗಿ ನೋಡಿದ್ದು ಅವತ್ತೇ.