ರಾಜೇಶ್ವರದ ಹತ್ತಿರ ಕಳಚಿದ ಚೈನು

ಸೇವೆಯ ಹಂಬಲದಿಂದ ನಾನು ಸೇವಾ ತಂಡಕ್ಕೆ ಸೇರಿದವನಲ್ಲ. ಲ್ಯಾಮಿನೇಷನ್ ಮಾಡಿಕೊಡುತ್ತ ಕೊಡುತ್ತ ಸೇರಿಬಿಟ್ಟೆ. ಹುಮನಾಬಾದಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಆಸ್ಪತ್ರೆಗಳಿಗೆ ತುರ್ತಾಗಿ ಬೇಕಾದ ರಕ್ತ, ಔಷಧಗಳನ್ನು ಬೈಕಿನ ಮೇಲೆ ಒಯ್ದು ಮುಟ್ಟಿಸುವ ಸ್ವಯಂಸೇವಕರು ನಾವು ಎಂದು ಹೇಳಿಕೊಂಡು ಒಂದು ದಿನ ಏಳೆಂಟು ಮಂದಿ ಬಂದರು. ಮೂವತ್ತೇಳು ಗುರುತಿನ ಚೀಟಿ ಮಾಡಿಸಿದರು. ಇನ್ನೊಂದು ಹಾಳೆ ಉಳಿದಿತ್ತು.

"ನಿಮ್ಮ ಹಂತೇಲಿ ಗಾಡಿ ಅದ ಅಲ್ರಿ?" ಎಂದರು ಅಧ್ಯಕ್ಷರು.

ಇತ್ತು. ಹದಿನಾರು ವರ್ಷ ಹಳೆಯದು. ನಲವತ್ತರ ಮೇಲೆ ಅದು ಓಡಿದ್ದನ್ನು ನಾನೂ ನೋಡಿಲ್ಲ, ಅದೂ ನೋಡಿಲ್ಲ. ಹೀಗೆ ಮೂವತ್ತೆಂಟನೆಯ ಚೀಟಿಯ ಮೇಲೆ ನನ್ನ ಫೋಟೊ ಬಂತು.

ಮೊದಲ ಮೂರು ತಿಂಗಳು ನಾವು ಅಪಾರ ಸೇವೆ ಮಾಡಿದೆವು. ಜಾಕೀಟಿನ ಬಣ್ಣ ಹಳದಿಯೋ ನೀಲಿಯೋ ಎಂದು ನಾಲ್ಕು ಸಭೆ ನಡೆಸಿದೆವು. ವಾಟ್ಸ್ಯಾಪ್ ಗುಂಪಿನಲ್ಲಿ ಮುಂಜಾನೆ ಮೂವತ್ತೆಂಟು ಶುಭೋದಯ, ಮಲಗುವ ಮುಂಚೆ ಮೂವತ್ತೆಂಟು ಶುಭರಾತ್ರಿ. ಔಷಧ ಮಾತ್ರ ಯಾರೂ ಕೇಳಿರಲಿಲ್ಲ. ಊರಿನವರಿಗೆ ಕಾಯಿಲೆ ಬೀಳುವಷ್ಟೂ ಸಹಕಾರ ಮನೋಭಾವ ಇಲ್ಲವಲ್ಲ ಎಂದು ಅಧ್ಯಕ್ಷರು ನೊಂದುಕೊಂಡಿದ್ದರು.

ಕೊನೆಗೆ ಕಳೆಕೀಳುವ ದಿನಗಳಲ್ಲಿ, ಒಂದು ಮುಂಜಾನೆ ಹನ್ನೊಂದರ ಸುಮಾರಿಗೆ, ಬಸವಕಲ್ಯಾಣದಿಂದ ಸಂದೇಶ ಬಂತು. ಮೋರಖಂಡಿಯ ಕೂಲಿ ಹೆಣ್ಣುಮಗಳೊಬ್ಬಳಿಗೆ ಸೋಯಾ ಹೊಲದಲ್ಲಿ ಕೊಳಕುಮಂಡಲ ಹಾವು ಕಡಿದು, ವಸಡಿನಿಂದ ರಕ್ತ ನಿಲ್ಲದೆ ಸೋರುತ್ತಿತ್ತು. ಆಸ್ಪತ್ರೆಯವರು ತಮ್ಮಲ್ಲಿದ್ದ ವಿಷ ಇಳಿಸುವ ಇಂಜೆಕ್ಷನ್‌ಗಳನ್ನೆಲ್ಲ ಕೊಟ್ಟಿದ್ದರು. ಇನ್ನೂ ಹತ್ತು ಬಾಟ್ಲಿ ಬೇಕು, ಹುಮನಾಬಾದಿನ ಒಂದು ಮೆಡಿಕಲ್ ಅಂಗಡಿಯಲ್ಲಿ ತೆಗೆದಿಟ್ಟಿದ್ದಾರೆ, ಯಾರಾದರೂ ತರುತ್ತೀರಾ?

ಗುಂಪು ಕೂಡಲೇ ಸ್ಪಂದಿಸಿತು. ಹನ್ನೆರಡು ಮಂದಿ ಕೈ ಮುಗಿದ ಚಿತ್ರ ಹಾಕಿದರು. ಆರು ಮಂದಿ ಹೂವು ಹಾಕಿದರು, ಬದುಕಿದ್ದವಳಿಗೆ. ಒಬ್ಬರು ಕಲಬುರಗಿಯಲ್ಲಿದ್ದರು, ಒಬ್ಬರ ಗಾಡಿ ಸರ್ವಿಸಿಂಗಿಗೆ ಹೋಗಿತ್ತು, ಮತ್ತೊಬ್ಬರ ಜಾಕೀಟು ಒಗೆಯಲು ಹಾಕಿತ್ತು. ನಾನು ಅಂಗಡಿಯ ಶಟರ್ ಎಳೆದೆ. ಪಕ್ಕದಲ್ಲಿ ನಿಂತಿದ್ದ ನನ್ನ ಹೆಂಡತಿ ಕೇಳಿದಳು, "ನೀವ್ ಹೊಂಟೀರಿ? ನೀವ್ ಮುಟ್ಟೋದ್ರಾಗ ಆ ಹಾವೇ ಮುಪ್ಪಾಗಿ ಸಾಯ್ತದ." ಹಾಗೆಂದವಳೇ ಅಂಗಡಿಯ ಹಿಂದಿನ ಮನೆಗೆ ಹೋಗಿ ನನ್ನ ಹೆಲ್ಮೆಟ್ಟು ತಂದುಕೊಟ್ಟಳು.

ಮೆಡಿಕಲ್ ಅಂಗಡಿಯವರು ಬಾಟ್ಲಿಗಳನ್ನು ಐಸ್ ಡಬ್ಬಿಯಲ್ಲಿಟ್ಟು ಹಿಂದಿನ ಸೀಟಿಗೆ ಬಿಗಿದುಕೊಟ್ಟರು. ಇನ್ನೇನು ಕಿಕ್ ಹೊಡೆಯಬೇಕು, ಅಷ್ಟರಲ್ಲಿ ಅಧ್ಯಕ್ಷರ ಕಾರು ಬಂದು ನಿಂತಿತು. ಅವರ ಕೈಯಲ್ಲಿ ಹಸಿರು ಬಾವುಟ.

"ತಡೀರಿ ತಡೀರಿ! ನಮ್ಮ ತಂಡದ ಮೊದಲ್ನೇ ಟ್ರಿಪ್ ಅದ. ಹಿಂಗ ಸುಮ್ನ ಹೋದ್ರ ಹ್ಯಾಂಗ್ರಿ?"

"ಪೇಷಂಟ್ ಸೀರಿಯಸ್ ಅದಾಳ್ರಿ ಸರ್."

"ಎರಡೇ ನಿಮಿಷ್ರಿ. ಫೋಟೊದವ ಬರಾಕತ್ಯಾನ."

ಫೋಟೊದವನು ಬರಲು ಹತ್ತು ನಿಮಿಷವಾಯಿತು. ಬಾವುಟದಲ್ಲಿ ಗಾಳಿ ತುಂಬಲಿಲ್ಲವೆಂದು ಮೂರು ಸಲ ಬೀಸಿದರು. ಆ ಹೆಂಗಸಿನ ಕಾಲು ಅಲ್ಲಿ ಊದುತ್ತಿತ್ತು, ಇಲ್ಲಿ ಜೀವರಕ್ಷಣೆಯ ಮಹತ್ವದ ಬಗ್ಗೆ ಅಧ್ಯಕ್ಷರು ನಾಲ್ಕು ಮಾತು ಆಡಿದರು. ಅವರನ್ನು ಬೈಯುವುದು ಸುಲಭ. ಆದರೆ ಆ ಫೋಟೊ ನನ್ನ ಬಳಿ ಇವತ್ತಿಗೂ ಇದೆ, ಅದರಲ್ಲಿ ನಾನೂ ನಗುತ್ತಿದ್ದೇನೆ.

ಹೆದ್ದಾರಿಗೆ ಬಿದ್ದ ಮೇಲೆ ನಾಚಿಕೆ ಹತ್ತಿತು. ಆ ನಾಚಿಕೆಯಲ್ಲಿ ಗಾಡಿಯನ್ನು ಐವತ್ತೈದಕ್ಕೆ ಏರಿಸಿದೆ. ಹದಿನಾರು ವರ್ಷ ಮರ್ಯಾದೆಯಿಂದ ಬಾಳಿದ್ದ ಗಾಡಿ ಈ ಅವಮಾನ ಸಹಿಸಲಿಲ್ಲ. ರಾಜೇಶ್ವರದ ಹತ್ತಿರ ಚೈನು ಕಳಚಿ ಗಾಲಿಗೆ ಸುತ್ತಿಕೊಂಡಿತು. ಗಾಡಿ ಅಲ್ಲೇ ನಿಂತುಬಿಟ್ಟಿತು. ನಾನು ರಸ್ತೆ ಬದಿಗೆ ಕೂತು ಎಳೆದೆ, ಬಡಿದೆ, ಕೈತುಂಬ ಗ್ರೀಸು ಮಾಡಿಕೊಂಡೆ. ಗುಂಪಿಗೆ ತಿಳಿಸಲು ಫೋನು ತೆಗೆದರೆ ನನ್ನ ಫೋಟೊಗೆ ಇಪ್ಪತ್ತೊಂಬತ್ತು ಮಂದಿ ಚಪ್ಪಾಳೆ ತಟ್ಟಿದ್ದರು. ನಿಜ ಹೇಳುತ್ತೇನೆ, ಆಗ ನನಗೆ ಅಳು ಬಂತು.

ಆಗ ಒಬ್ಬ ಬಂದ. ಐವತ್ತರ ಆಸುಪಾಸಿನವನು. ಬೈಕಿನ ಹಿಂದೆ ಹಸಿಹುಲ್ಲಿನ ಎರಡು ದೊಡ್ಡ ಹೊರೆ.

"ಏನಾತ್ರಿ ಅಣ್ಣಾರ?" ಎಂದ.

"ಹಾವ ಕಡದವರಿಗಿ ಔಷಧ ಒಯ್ಯಾಕತ್ತೇನ್ರಿ, ಕಲ್ಯಾಣಕ್ಕ. ನಾನು, ನಮ್ಮ ತಂಡ..." ಎಂದು ಗುರುತಿನ ಚೀಟಿ ತೋರಿಸಲು ಹೋದೆ.

"ಮಾತು ಆಮ್ಯಾಲ. ಮೊದಲ ಕುಂದರ್ರಿ."

ಹಗ್ಗ ಬಿಚ್ಚಿ ಎರಡೂ ಹೊರೆಯನ್ನು ನನ್ನ ಗಾಡಿಯ ಪಕ್ಕದಲ್ಲಿ ಉರುಳಿಸಿದ. ಬಂದ ದಾರಿಗೇ ಬೈಕು ತಿರುಗಿಸಿದ. ನಾನು ಡಬ್ಬಿಯನ್ನು ಎದೆಗೆ ಅವಚಿಕೊಂಡು ಕೂತೆ. ಲಾರಿಗಳ ನಡುವೆ ಅವನು ಓಡಿಸಿದ ರೀತಿ ನೋಡಿ ನನಗೆ ನಾನೇ ಮುಂದಿನ ಪೇಷಂಟು ಅನ್ನಿಸಿತು. ಸಸ್ತಾಪುರ ಬಂಗ್ಲಾ ಕ್ರಾಸಿನಲ್ಲಿ ಹೊರಳಿ ಊರೊಳಗೆ ನುಗ್ಗಿ, ಆಸ್ಪತ್ರೆಯ ಮುಂದೆ ಬೈಕು ನಿಲ್ಲಿಸಿದ.

ನರ್ಸಮ್ಮ ಬಾಗಿಲಲ್ಲೇ ನಿಂತಿದ್ದರು. ಡಬ್ಬಿ ಕಸಿದುಕೊಂಡು, "ಇಷ್ಟೊತ್ತು ಯಾಕ್ರಿ?" ಎಂದರು.

"ಚೈನ್ ಕಳಚ್ತರಿ ಸಿಸ್ಟರ್," ಎಂದೆ. ಬಾವುಟದ ಹೊತ್ತನ್ನೂ ಆ ಬಡಪಾಯಿ ಚೈನಿನ ತಲೆಗೇ ಕಟ್ಟಿದೆ.

ಹೊರಗೆ ಗೋಡೆಗೆ ಒರಗಿ ಆ ಹೆಂಗಸಿನ ಗಂಡ ಕೂತಿದ್ದ. ಹೆಂಡತಿ ಕಳೆ ತೆಗೆಯುತ್ತಿದ್ದ ಕುರ್ಪಿ ಇನ್ನೂ ಅವನ ಕೈಯಲ್ಲೇ ಇತ್ತು, ಎಲ್ಲಿ ಇಡಬೇಕೆಂದು ತಿಳಿಯದವನಂತೆ ಹಿಡಿದಿದ್ದ. ಹುಲ್ಲಿನವನು ಹೋಗಿ ಪಕ್ಕದಲ್ಲಿ ಕೂತ. ಕುರ್ಪಿಯನ್ನು ಮೆಲ್ಲಗೆ ತೆಗೆದು ಕೆಳಗಿಟ್ಟ. ಸಮಾಧಾನ ಹೇಳಲಿಲ್ಲ, ಮಳೆ ಎಷ್ಟಾಯಿತು ಎಂದು ಕೇಳಿದ. ಗಂಡ ಉತ್ತರ ಕೊಡತೊಡಗಿದ. ಮಧ್ಯಾಹ್ನ ಇಳಿಯುವ ಹೊತ್ತಿಗೆ ನರ್ಸಮ್ಮ ಹೊರಬಂದು, "ರಕ್ತ ನಿಂತದ. ಇನ್ನ ಹೆದರಬ್ಯಾಡ್ರಿ," ಎಂದರು. ಗಂಡ ಕುರ್ಪಿಯನ್ನು ಅಲ್ಲೇ ಬಿಟ್ಟು ಒಳಗೆ ಓಡಿದ.

ನಾವು ವಾಪಸು ಬಂದಾಗ ನನ್ನ ಗಾಡಿ ಇತ್ತು, ಹುಲ್ಲಿರಲಿಲ್ಲ. ಯಾರದೋ ಆಡುಗಳು ಮೇದು ಮುಗಿಸಿ ಅಲ್ಲೇ ಮಲಗಿದ್ದವು. ನಾನು ಏನೇನೋ ಹೇಳಲು ತೊದಲಿದೆ.

"ಯಾರದರ ಹೊಟ್ಟಿ ತುಂಬ್ತು ಬಿಡ್ರಿ," ಎಂದು ಅವನು ಹಗ್ಗ ಸುತ್ತಿಕೊಂಡ. ನಾನು ಅವನ ಫೋನ್ ನಂಬರು ಕೇಳಿ ಬರೆದುಕೊಂಡೆ.

ಮುಂದಿನ ರವಿವಾರ ನನಗೆ ಸನ್ಮಾನ. ಔಷಧ ಮುಟ್ಟಿಸಿದವನು ನಾನಲ್ಲ, ಹುಲ್ಲಿನ ಹೊರೆ ಇಳಿಸಿದ ಒಬ್ಬ ರೈತ ಎಂದು ಮೈಕಿನಲ್ಲಿ ಹೇಳಿದೆ. ಅಧ್ಯಕ್ಷರು ಮೈಕು ತೆಗೆದುಕೊಂಡು, "ಅವರೂ ನಮ್ಮ ತಂಡದವರೇ ಅಂತ ನಾವು ಭಾವಿಸುತ್ತೇವೆ," ಎಂದು ಚಪ್ಪಾಳೆ ಗಿಟ್ಟಿಸಿದರು. ಅವರ ಭಾಷಣ ಮುಗಿಯುವ ಲಕ್ಷಣ ಕಾಣಲಿಲ್ಲ. ನಾನು ಹಿಂಬಾಗಿಲಿಂದ ಇಳಿದು, ಹುಲ್ಲಿನವನಿಗೆ ಫೋನು ಮಾಡಿ, ಇಬ್ಬರೂ ಕೂಡಿ ಮೋರಖಂಡಿಗೆ ಹೋದೆವು.

ಹಾವು ಕಡಿಸಿಕೊಂಡವಳು ಕಾಲು ಚಾಚಿ ಹೊರಸಿನ ಮೇಲೆ ಕೂತಿದ್ದಳು. ಊತ ಇನ್ನೂ ಇಳಿದಿರಲಿಲ್ಲ. ಬಾಯಿಗೆ ಮಾತ್ರ ಏನೂ ಆಗಿರಲಿಲ್ಲ.

"ದಿನಾ ಮಂದಿ ಬರ್ತಾರ್ರಿ ಅಣ್ಣಾ. ಹಾವು ಎಷ್ಟುದ್ದ ಇತ್ತು, ಯಾ ಬಣ್ಣ ಇತ್ತು ಅಂತ ಕೇಳ್ತಾರ. ಅಷ್ಟೆಲ್ಲ ನೋಡಿದ್ರ ಅದರ ಮ್ಯಾಲ ಕಾಲ್ಯಾಕಿಡ್ತಿದ್ದೆ? ನೀವೂ ಅದೇ ಕೇಳಾಕ ಬಂದೀರೇನು?"

ಕೇಳಬೇಕೆಂದು ನಾಲಗೆಯ ತುದಿಯಲ್ಲೇ ಇತ್ತು. ನುಂಗಿಕೊಂಡೆ.

"ಇಲ್ಲವ್ವ, ಹಸದು ಬಂದೀವಿ," ಎಂದ ಹುಲ್ಲಿನವನು.

ಅವಳು ಮೊದಲ ಸಲ ನಕ್ಕಳು. ಒಳಗಿದ್ದ ಗಂಡನನ್ನು ಕೂಗಿ, ರೊಟ್ಟಿ ತರಲು ಹೇಳಿದಳು.