ಅರ್ಧ ಬಿಟ್ಟ ಅನುವಾದ

ಪೋಸ್ಟ್‌ಡಾಕ್ ಸಂಶೋಧನೆಗೆಂದು ಚೆನ್ನೈಗೆ ಬಂದ ಮೇಲೆ, ಅಲ್ಜೈಮರ್ ರೋಗಿಗಳ ಚರ್ಮದಿಂದ ಕಾಂಡಕೋಶ ಬೆಳೆಸುವುದೇ ನನ್ನ ಕೆಲಸ. ಒಮ್ಮೆ ವಡಪಳನಿಯಲ್ಲಿ ಹೋಟೆಲ್ ನಡೆಸಿದ್ದ ಕುಂದಾಪುರದ ಹಿರಿಯರೊಬ್ಬರು ಚರ್ಮದ ಚೂರು ಕೊಡಲು ಮಗಳ ಜೊತೆ ಬಂದರು. ಕಾಯಿಲೆ ಅವರ ತಮಿಳನ್ನು ಪೂರ್ತಿ ಅಳಿಸಿತ್ತು. ಮಗಳು ಮಾತಾಡುವುದು ತಮಿಳು ಮಾತ್ರ. ಹಾಗಾಗಿ ನಾನೇ ದುಭಾಷಿಯಾದೆ.

ಚೂರು ತೆಗೆದಾದ ಮೇಲೆ, "ನೋವಾಯ್ತಾ ಕೇಳಿ" ಎಂದು ಮಗಳು ತಮಿಳಿನಲ್ಲಿ ಹೇಳಿದಳು.

"ಇಲ್ಲ. ಈ ಹೆಣ್ ಯಾರ್? ಪಾಪ, ಉಂಡ್ಕಂಡ್ ಹೋಪುಕ್ ಹೇಳಿ" ಎಂದರು ಅವರು.

"ನೋವಿಲ್ಲವಂತೆ, ನೀವು ಊಟ ಮಾಡಿ ಹೋಗಬೇಕಂತೆ" ಎಂದೆ.

ಮಗಳು ನಕ್ಕಳು. "ಕನ್ನಡ ನನಗೆ ಅರ್ಥವಾಗುತ್ತೆ, ಮಾತಾಡಲು ಬರಲ್ಲ. 'ನಾನು ನಿಮ್ಮ ಮಗಳು' ಅನ್ನೋದನ್ನ ಕನ್ನಡದಲ್ಲಿ ಹೇಳಿಕೊಡಿ."

ಹೇಳಿಕೊಟ್ಟೆ. ಅವಳು ತಡವರಿಸುತ್ತ ಹೇಳಿದಳು.

"ಹೌದಾ? ಹಂಗಾರೆ ಇಲ್ಲ್ ಕೂಕೊ" ಎಂದು ಅವರು ಬೆಂಚಿನಲ್ಲಿ ಸರಿದು ಜಾಗ ಕೊಟ್ಟರು.

ಮಾಡಿದ ದಿನವೇ ಫಲ ಕೊಟ್ಟ ನನ್ನ ಪ್ರಯೋಗ ಅದೊಂದೇ. ಪ್ರಬಂಧದಲ್ಲಿ ಬರೆಯುವಂತಿಲ್ಲ, ಅಷ್ಟೇ.