ಅಪ್ಪನ ಹತ್ತು ನಂಬರ್ ಪಾನಾ

ನನ್ನ ಗಾಡಿಗೆ ಎರಡೇ ಪೆಡಲ್. ಇಪ್ಪತ್ತು ವರ್ಷಗಳ ಹಿಂದಿನ ಗುಲ್ಬರ್ಗಾದಲ್ಲಿ ಇದೊಂದು ದೊಡ್ಡ ತಮಾಷೆ. ಪೆಟ್ರೋಲ್ ಹಾಕುವವನಿಂದ ಹಿಡಿದು ಬ್ರಹ್ಮಪುರದ ನಮ್ಮ ಓಣಿಯ ಮುದುಕರವರೆಗೆ ಎಲ್ಲರೂ ಕಿಟಕಿಯೊಳಗೆ ತಲೆ ತೂರಿಸಿ, "ಕ್ಲಚ್ ಎಲ್ಲಿ ಬಿತ್ತರೀ?" ಎನ್ನುತ್ತಿದ್ದರು. "ನನ್ನ ಎಡಗಾಲು ಎಲ್ಲಿ ಬಿತ್ತೋ ಅಲ್ಲೇ" ಎಂದುಬಿಡುತ್ತಿದ್ದೆ. ಮೂರು ವರ್ಷದವಳಿದ್ದಾಗ ಪೋಲಿಯೋ ಬಂದು ನನ್ನ ಎಡಗಾಲು ಸೊರಗಿತ್ತು. ಆ ಕಾಲಿನಿಂದ ಕ್ಲಚ್ ಒತ್ತಲು ಆಗದೆಂದೇ, ತಾನೇ ಗೇರ್ ಬದಲಿಸಿಕೊಳ್ಳುವ ಈ ಹಳೆಯ ಕಾರನ್ನು ಹೈದರಾಬಾದಿನಿಂದ ತಂದಿದ್ದೆ.

ನಾನು ಕಮಲಾಪುರದ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಗಾಡಿ ಬರುವ ಮೊದಲು ಒಂಬತ್ತು ವರ್ಷ ಬಸ್ಸಿನಲ್ಲೇ ಓಡಾಡಿದವಳು. ಬಸ್ಸಿನ ಮೊದಲ ಮೆಟ್ಟಿಲು ನನ್ನ ಮೊಣಕಾಲಿಗಿಂತ ಎತ್ತರ. "ಬಾಯಾರ, ಲಗೂ ಹತ್ರಿ" ಎಂದು ಕಂಡಕ್ಟರ್ ಒದರುತ್ತಿದ್ದ, ಹಿಂದಿನಿಂದ ಯಾರೋ ಕನಿಕರಪಟ್ಟು ಎತ್ತಿ ತಳ್ಳುತ್ತಿದ್ದರು. ಆ ಕನಿಕರ ಕಂಡರೆ ನನಗೆ ಮೈಯೆಲ್ಲ ಉರಿ. ಗಾಡಿ ಬಂದ ಮೇಲೆ ಹುಮನಾಬಾದ ರಸ್ತೆಯಲ್ಲಿ ಅದೇ ಬಸ್ಸನ್ನು ಹಿಂದೆ ಹಾಕುವಾಗ ಹಾರ್ನ್ ಬಾರಿಸದೆ ಬಿಟ್ಟವಳಲ್ಲ ನಾನು.

ಅಂಥ ಗಾಡಿಯ ಎಂಜಿನ್, ಗೇರು ನಡೆಸುವ ಕಂಪ್ಯೂಟರನ್ನು ಅಪ್ಪ ಸುಟ್ಟ. ಒಂದು ಬೆಳಿಗ್ಗೆ ಬ್ಯಾಟರಿ ಇಳಿದಿತ್ತು. ಮಗಳಿಗೆ ತಡವಾಗಬಾರದೆಂದು, ನಾನು ಸೀರೆ ಉಟ್ಟು ಬರುವಷ್ಟರಲ್ಲಿ ಅಪ್ಪನೇ ಪಕ್ಕದ ಮನೆಯ ಜೀಪಿನಿಂದ ವೈರು ಎಳೆದು ಜೋಡಿಸಿದ್ದ, ಕೆಂಪಿಗೆ ಕರಿ, ಕರಿಗೆ ಕೆಂಪು! ಟಪ್ ಎಂದಿತು, ಸುಟ್ಟ ವಾಸನೆ ಓಣಿಯ ತನಕ ಹೋಯಿತು. ರೈಲ್ವೆಯಲ್ಲಿ ಮೂವತ್ತು ವರ್ಷ ಸಿಗ್ನಲ್ ನೋಡಿಕೊಂಡು ಒಂದು ದೀಪವನ್ನೂ ತಪ್ಪು ತೋರಿಸದೆ ನಿವೃತ್ತನಾದ ಮನುಷ್ಯ ಅವನು. "ಗಾಡ್ಯಾಗ ಕಂಪ್ಯೂಟರ್ ಇರ್ತದಂತ ನನಗೇನ್ ಗೊತ್ತು?" ಎಂದವನು ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಸ್ಟೇಶನ್ ಬಜಾರಿನ ಆಚೆ ಗ್ಯಾರೇಜಿಟ್ಟಿದ್ದ ಮೆಕ್ಯಾನಿಕ್ ಒಬ್ಬರು ಹೈದರಾಬಾದಿನ ಗುಜರಿಯಲ್ಲಿ ಅದೇ ನಂಬರಿನ ಕಂಪ್ಯೂಟರ್ ಹುಡುಕಿ ತಂದು ಹಾಕಿದರು. ಗಾಡಿ ಶುರುವಾಯಿತು, ಆದರೆ ಗೇರು ಕೆಟ್ಟಿತು. ಒಂದರಿಂದ ಎರಡಕ್ಕೆ ಹೋಗುವಾಗ ಗಕ್ಕನೆ ಒದೆಯುವುದು, ನಿಂತಲ್ಲಿ ಎಂಜಿನ್ ನಡುಗಿ ಸಾಯುವುದು. ಅವರು ಗೇರ್ ಆಯಿಲ್ ಬದಲಿಸಿದರು, ಆಕ್ಸಿಲರೇಟರ್ ಕೇಬಲ್ ಬಿಗಿದರು, ವೈರುಗಳ ತುದಿ ಉಜ್ಜಿದರು. ಆಮೇಲೆ, "ಟೀಚರ್, ಇದು ಬ್ಯಾರೆ ಗಾಡೀದು. ನಿಮ್ಮ ಕಾಲಿನ ವಜನ ಇದಕ್ಕ ಗೊತ್ತಿಲ್ಲ. ಎಂಟ್ ದಿನ ಆರಾಮ ಹೊಡೀರಿ, ಕಲೀತದ" ಎಂದರು.

ಎಂಟು ದಿನವಲ್ಲ, ಇಪ್ಪತ್ತು ದಿನವಾದರೂ ಕಲಿಯಲಿಲ್ಲ. ಬೆಳಿಗ್ಗೆ ಊರು ದಾಟುವ ತನಕ ಒದ್ದು ಒದ್ದು ಸೊಂಟ ಮುರಿಯುವುದು, ಕಮಲಾಪುರ ಹತ್ತಿರ ಬಂದಂತೆ ತಣ್ಣಗಾಗುವುದು. ಸಂಜೆ ಶಾಲೆ ಬಿಟ್ಟು ನೇರ ಗ್ಯಾರೇಜಿಗೆ ತಂದರೆ ಸಾಧು ಹಸು. "ಏನೂ ಇಲ್ಲಲ್ರೀ ಟೀಚರ್! ಬೆಣ್ಣಿ ಹಂಗ ನಡ್ಯಾಕತ್ತದ" ಎನ್ನುತ್ತಿದ್ದರು ಅವರು. ಆ ಗುರುವಾರ ಮೂರನೆಯ ಸಲ ಹಾಗೆ ಅಂದಾಗ ನನ್ನ ಸಿಟ್ಟು ನೆತ್ತಿಗೇರಿತು. ಹತ್ತು ಜನ ಗಿರಾಕಿಗಳ ಎದುರಿಗೆ, "ಕುಣೀಲಾಕ ಬರಲಾರದಾಕಿ ನೆಲ ಡೊಂಕ ಅಂದಳಂತ! ಗುಜರಿ ಡಬ್ಬಿ ಹಚ್ಚಿ ನನ್ನ ಕಾಲಿನ ವಜನ ಹೇಳ್ತೀರೇನು?" ಎಂದು ಕೂಗಾಡಿದೆ. ಅವರು ಕೈ ಒರೆಸಿಕೊಂಡರು. ಗಾಡಿಯೊಳಗಿನ ಗಡಿಯಾರ ತಪ್ಪು ತೋರಿಸುತ್ತಿತ್ತು. "ಇದೊಂದರ ಬರಾಬರ್ ಮಾಡ್ತೀನಿ ತಡೀರಿ" ಎಂದು ತಮ್ಮ ವಾಚು ನೋಡಿ ತಿರುಗಿಸಿಟ್ಟು, "ನಾಳಿ ಮುಂಜಾನಿ ಸೀದಾ ಮನಿಯಿಂದ ತರ್ರಿ, ನೋಡೂಣು" ಎಂದರು.

ಮನೆಯಲ್ಲಿ ಅಣ್ಣ ಕಾಯುತ್ತಿದ್ದ. ಗಾಡಿಗೆ ಗಿರಾಕಿ ಸಿಕ್ಕಿದ್ದಾನೆ, ಭಾನುವಾರ ನೋಡಲು ಬರುತ್ತಾನೆ ಎಂದ. "ದಿನಾ ಇದಽ ರಗಳೆ. ಬಸ್ಸಿಗೇನಾಗ್ಯಾದ ನಿನಗ?"

"ಬಸ್ಸಿಗೇನೂ ಆಗಿಲ್ಲ, ನನಗ ಆಗ್ಯಾದ" ಎಂದು ಅಡುಗೆಮನೆಗೆ ಹೋಗಿ ಅತ್ತೆ. ಬಸ್ಸಿನ ಒಂದು ಮೆಟ್ಟಿಲಿಗೆ ಹೆದರಿ ಅತ್ತೆನೆಂದು ಈಗಲೂ ನಾಚಿಕೆಯಿಲ್ಲ.

ಮರುದಿನ ರಜೆ ಹಾಕಿದೆ. ಅಪ್ಪನೂ ಜೊತೆಗೆ ಬಂದು ಮುಂದಿನ ಸೀಟಿನಲ್ಲಿ ಕೂತ. ಸ್ಟೇಶನ್ ಬಜಾರಿನ ಆಟೋದವರೆಲ್ಲ ನಗುವಂತೆ ಕುಪ್ಪಳಿಸುತ್ತಾ ಗ್ಯಾರೇಜು ಮುಟ್ಟಿದೆವು. ಮೆಕ್ಯಾನಿಕ್ ನನ್ನ ಜಾಗದಲ್ಲಿ ಕೂತು ಅಪ್ಪನೊಂದಿಗೆ ಒಂದು ಸುತ್ತು ಹೊಡೆದು ಬಂದರು. ಅವರ ಕಣ್ಣು ಗಡಿಯಾರದ ಮೇಲೆ ನಿಂತಿತು. ಬೆಳಗಿನ ಒಂಬತ್ತಾಗಿತ್ತು. ಗಡಿಯಾರದಲ್ಲಿ ಮೂರೂ ನಲವತ್ತು.

"ನಿನ್ನಿ ಸಂಜಿಗಿ ನಾನಽ ಬರಾಬರ್ ಮಾಡಿದ್ದೆ. ರಾತ್ರೋರಾತ್ರಿ ಹ್ಯಾಂಗ ಕೆಟ್ಟಿತು? ಟೀಚರ್, ನೀವು ದಿನಾ ಹುಡುಗ್ರಿಗಿ ಕಲಸ್ತೀರಿ. ರಾತ್ರಿ ಯಾರೋ ಬಂದು ಪಾಟಿ ಒರಸಿದ್ರ ಅವು ಏನ್ ಕಲೀತಾವ? ಬ್ಯಾಟರಿ ವೈರ್ ತಗದ್ರ ಗಡಿಯಾರ ಹನ್ನೆರಡಕ್ಕ ಹೋಗ್ತದ, ಈ ಕಂಪ್ಯೂಟರ್ ಕಲ್ತಿದ್ದೆಲ್ಲಾ ಮರೀತದ. ಮನ್ಯಾಗ ಯಾರರ ವೈರ್ ತಗೀತಾರೇನ್ರೀ?"

ಕಂಪ್ಯೂಟರ್ ಸುಟ್ಟಾಗಿನಿಂದ ಅಪ್ಪ ಪ್ರತಿ ರಾತ್ರಿ ಗ್ಯಾಸ್ ಬಂದ್ ಮಾಡಿ, ಬಾಗಿಲ ಅಗಳಿ ಹಾಕುವ ಮೊದಲು ನಟ್ಟು ಬಿಚ್ಚುವ ಹತ್ತು ನಂಬರಿನ ಪಾನಾ ಹಿಡಿದು ಹೋಗಿ ಬ್ಯಾಟರಿಯ ವೈರು ಬಿಚ್ಚಿಡುತ್ತಿದ್ದ. ಬ್ಯಾಟರಿ ಇಳಿದು ಇನ್ನೊಮ್ಮೆ ಅಂಥದಾಗಬಾರದೆಂದು. ನಾನು ಏಳುವ ಮೊದಲೇ ಮತ್ತೆ ಬಿಗಿಯುತ್ತಿದ್ದ. ನನಗೆ ಗೊತ್ತಿತ್ತು. ಬಾಗಿಲ ಅಗಳಿಯಂತೆ ಅದೂ ಒಂದು ಎಂದು ಲಕ್ಷ್ಯವೇ ಕೊಟ್ಟಿರಲಿಲ್ಲ.

ತಿರುಗಿ ನೋಡಿದೆ. ಅಪ್ಪ ಮುಂದಿನ ಸೀಟಿನಲ್ಲೇ ತನ್ನ ಚಪ್ಪಲಿ ನೋಡುತ್ತಾ ಕೂತಿದ್ದ, ಒಂದು ಕೈ ಜುಬ್ಬಾದ ಕಿಸೆಯಲ್ಲಿ. ಮುಖದಲ್ಲಿ ರಕ್ತವಿರಲಿಲ್ಲ. ಮೆಕ್ಯಾನಿಕ್ಕೂ ಆ ಮುಖ ನೋಡಿದರು. ತಕ್ಷಣ ಇಳಿದು ಬಾನೆಟ್ ಎತ್ತಿ, ಬ್ಯಾಟರಿಯ ಮೇಲೆ ಬಗ್ಗಿ ಎಲ್ಲರಿಗೂ ಕೇಳುವಂತೆ ಕೂಗಿದರು: "ಅರೇ ಬಾಪ್ ರೇ! ತಪ್ಪು ನಂದಽ ಅದರೀ. ವೈರ್ ನಾನಽ ಲೂಸ್ ಬಿಟ್ಟೀನಿ. ಅದಕ್ಕಽ ಹಿಂಗಾಗ್ಯಾದ. ಮಾಫ್ ಮಾಡ್ರಿ ಟೀಚರ್."

ನಿನ್ನೆ ನಾನು ಅವರ ಮಾನ ಕಳೆದದ್ದೂ ಅದೇ ಗ್ಯಾರೇಜಿನಲ್ಲೇ. ನಿಜ ಹೇಳಲು ಬಾಯಿ ತೆರೆದೆ. ಬೇಡ ಎಂದು ಅವರು ಕಣ್ಣಲ್ಲೇ ತಡೆದರು. ಎಲ್ಲೂ ಸಡಿಲವಿರದ ವೈರನ್ನು ಮತ್ತೆ ಬಿಗಿದು, ಗಡಿಯಾರ ಸರಿಯಿಟ್ಟು, ಅಪ್ಪನ ಕಡೆ ತಿರುಗಿ, "ಸಾಹೇಬ್ರ, ಇನ್ನ ಎಂಟ್ ದಿನ ಇದಕ್ಕ ಯಾರೂ ಕೈ ಹಚ್ಚಬಾರದು. ನೋಡ್ಕೊಳ್ಳೂದು ನಿಮ್ಮ ಜವಾಬ್ದಾರಿ" ಎಂದರು.

ಮನೆ ಹತ್ತಿರ ಬಂದಾಗ ಅಪ್ಪ ಕಿಸೆಯಿಂದ ಪಾನಾ ತೆಗೆದು ನನ್ನ ಮುಂದಿಟ್ಟ. "ಭಾಳ ಒಳ್ಳೇ ಮನಷ್ಯಾ ಅಂವ. ಸುಳ್ಳು ಹೇಳಾಕ ಮಾತ್ರ ಬರೂದಿಲ್ಲ" ಎಂದು ನಕ್ಕ. ನನಗೆ ನಗು, ಅಳು ಎರಡೂ ಒಟ್ಟಿಗೇ ಬಂದವು.

ಶನಿವಾರ ಬೆಳಿಗ್ಗೆ ಗಡಿಯಾರ ಅಪ್ಪನ ರೈಲ್ವೆ ವಾಚಿಗೆ ಸರಿಯಾಗಿ ಕೂಡಿತು. ಗಾಡಿ ಒಂದೆರಡು ಸಲ ತಡವರಿಸಿತು, ಒದೆಯಲಿಲ್ಲ. ಶಾಲೆಯಿಂದ ಬರುವಾಗ ಕಮಲಾಪುರದ ಕೆಂಪು ಬಾಳೆಹಣ್ಣಿನ ಒಂದು ಗೊನೆಯನ್ನೇ ಹಾಕಿಕೊಂಡು ಬಂದು ಗ್ಯಾರೇಜಿನಲ್ಲಿ ಇಳಿಸಿ, ಇದ್ದವರೆಲ್ಲರ ಎದುರಿಗೆ, "ತಪ್ಪು ಇವರದಲ್ಲ, ನಮ್ಮ ಮನೀದು" ಎಂದೆ. ಅವರು ಗೊನೆಯಿಂದ ಒಂದು ಹಣಿಗೆ ಹಣ್ಣು ಮುರಿದು, "ಇದು ಸಾಹೇಬ್ರಿಗಿ" ಎಂದು ವಾಪಸ್ ಕೊಟ್ಟರು.

ಭಾನುವಾರ ಅಣ್ಣ ಗಿರಾಕಿಯನ್ನು ಕರೆತಂದ. ಅಪ್ಪ ಗೇಟಿನಲ್ಲೇ ಅಡ್ಡ ನಿಂತಿದ್ದ, ಕೈಯಲ್ಲಿ ಅರ್ಧ ಸುಲಿದ ಬಾಳೆಹಣ್ಣು.

"ಗಾಡಿ ಮಾರೂದಿಲ್ಲ" ಎಂದ.

"ಯಾಕ? ರಿಪೇರಿ ಆಗಿಲ್ಲೇನು?" ಎಂದು ಗಿರಾಕಿ ಕೇಳಿದ.

"ಇನ್ನೂ ಕಲೀಲಾಕತ್ತದ. ನಡುವ ಸಾಲಿ ಬಿಡಸಬಾರದು" ಎಂದು ಅಪ್ಪ ಗೇಟು ಹಾಕಿದ.